ಹತ್ತಿ ರಾಶಿಯ ಮೇಲೆ ನನ್ನ ಸ್ಕೀ ಪ್ರಯೋಗ

ಬೈಲಹೊಂಗಲದ ನಮ್ಮ ಮನೆಗೆ ಕೇಬಲ್ ಟಿವಿ ಬಂದ ವರ್ಷ ನಾನು ಹಿಮದಾಟದ ಪಂಡಿತನಾದೆ. ಹಿಮ ಕಂಡದ್ದು ಐಸ್‌ಕ್ಯಾಂಡಿ ಡಬ್ಬಿಯಲ್ಲಿ ಮಾತ್ರ. ಆದರೂ ಕಾಲಿಗೆ ಸ್ಕೀ ಎಂಬ ಹಲಗೆ ಕಟ್ಟಿಕೊಂಡು ಗಾಳಿಯಲ್ಲಿ ಗಿರಕಿ ಹೊಡೆಯುವವರನ್ನು ನೋಡಿ ನೋಡಿ, ಹೆಂಡತಿ ಮಹಾದೇವಿಗೆ ದಿನಾ ಪಾಠ ಮಾಡುತ್ತಿದ್ದೆ. ಮುಂದಿನ ತುದಿಯೊಂದೇ ಬಾಗಿದ್ದರೆ ಸಾಲದು. ಗಿರಕಿ ಹೊಡೆದು ಹಿಮ್ಮುಖವಾಗಿ ಇಳಿದಾಗ ಹಿಂತುದಿ ಹಿಮದಲ್ಲಿ ನೆಟ್ಟುಕೊಳ್ಳುತ್ತದೆ. ಆದ್ದರಿಂದ ಎರಡೂ ತುದಿ ಬಾಗಿರತಕ್ಕದ್ದು. ಗಿಡ್ಡ ಹಲಗೆ ತಿರುಗಲು ಸುಲಭ, ಅಗಲ ಹಲಗೆ ಮೆತ್ತನೆಯ ಹಿಮದಲ್ಲಿ ಹೂತುಹೋಗುವುದಿಲ್ಲ.

ಮಹಾದೇವಿ ಬೇಳೆ ಆರಿಸುತ್ತಲೇ ಕೇಳಿದಳು: "ಎಲ್ಲಾ ಖರೆ, ನಮ್ಮ ಕಡೆ ಹಿಮಾ ಎಲ್ಲೈತ್ರಿ?"

ಸಂಪಗಾಂವದ ಅತ್ತೆಯ ಮನೆಯಲ್ಲಿತ್ತು! ನಾವಿಬ್ಬರೂ ಅಲ್ಲಿಗೆ ಹೋದಾಗ ಪಡಸಾಲೆಯಲ್ಲಿ ಆಳೆತ್ತರದ ಹತ್ತಿ ರಾಶಿ. ಅತ್ತೆ ದಿನಗಟ್ಟಲೆ ಕುಳಿತು, ಒಣ ಎಲೆಯ ಚೂರೂ ಉಳಿಯದಂತೆ ಆರಿಸಿದ್ದರು. ಮರುದಿನ ಅದು ಪೇಟೆಗೆ ಹೋಗಬೇಕು, ಟೆಂಪೊಗೂ ಹೇಳಿಯಾಗಿತ್ತು.

ಬಡಿಗೇರ ಮೌನೇಶನಿಂದ ಮಾಡಿಸಿದ, ಎರಡೂ ತುದಿ ಬಾಗಿದ ಗಿಡ್ಡ ಅಗಲ ಹಲಗೆಗಳನ್ನು ಗೋಣಿಚೀಲದಲ್ಲಿ ತಂದಿದ್ದೆ. ಜಾರಲೆಂದು ಅವುಗಳ ತಳಕ್ಕೆ ಚಕ್ಕಡಿ ಗಾಲಿಯ ಕಪ್ಪು ಕೀಲೆಣ್ಣೆ ಬಳಿದೆ. ಅತ್ತೆ ಒಳಗೆ ಅಳಿಯನಿಗಾಗಿ ಹೋಳಿಗೆ ಬೇಯಿಸುತ್ತಿದ್ದಾಗ, ಅಳಿಯ ಅಟ್ಟದಿಂದ ಹಾರಿದ.

ಹಾರಿದವನು ನನಗರಿವಿಲ್ಲದೆಯೇ ತಿರುಗಿ ಹಿಮ್ಮುಖವಾಗಿ ಇಳಿದೆ. ಹಿಂತುದಿ ನೆಟ್ಟುಕೊಳ್ಳಲಿಲ್ಲ, ಸಿದ್ಧಾಂತ ಗೆದ್ದಿತು. ಆದರೆ ಹಲಗೆ ಜಾರಲೂ ಇಲ್ಲ! ನಾನು ಮುಗ್ಗರಿಸಿ ತಲೆಕೆಳಗಾಗಿ ಸೊಂಟದವರೆಗೆ ಹತ್ತಿಯಲ್ಲಿ ಹೂತುಹೋದೆ. ಕಾಲು ಬಡಿದಷ್ಟೂ ಕೀಲೆಣ್ಣೆ ಎಲ್ಲ ಕಡೆ ಸಿಡಿಯಿತು. ಮಹಾದೇವಿ ನನ್ನನ್ನು ಎಳೆದು ಹಾಕುವಷ್ಟರಲ್ಲಿ ಬೆಳ್ಳಗಿನ ರಾಶಿಯ ತುಂಬ ಕಪ್ಪು ಪಟ್ಟೆ.

ಆ ಮನೆಯವರು ರಾಶಿಗೆ ಕೈಮುಗಿಯದೆ ಬರಿಗಾಲನ್ನೂ ಇಡುವುದಿಲ್ಲ. ನಾನು ಎಣ್ಣೆ ಹಚ್ಚಿದ ಕಟ್ಟಿಗೆ ಮೆಟ್ಟಿಕೊಂಡು ಹಾರಿದ್ದೆ. ಅತ್ತೆ ಬೈದಿದ್ದರೆ ಬದುಕುತ್ತಿದ್ದೆ. ಆದರೆ ಅಳಿಯನನ್ನು ಬೈಯುವಂತಿಲ್ಲವಲ್ಲ! ಒಳಗಿಂದ ಓಡಿಬಂದವರು ಸೆರಗು ಸರಿಮಾಡಿಕೊಂಡು, ಪೆಟ್ಟು ಹತ್ತಿತೇನ್ರಿ ಎಂದು ಕೇಳಿದರು. ನನಗೆ ಮತ್ತೆ ಹತ್ತಿಯೊಳಗೇ ಹೋಗಿಬಿಡೋಣ ಅನಿಸಿತು.

ಟೆಂಪೊ ಬೇಡವೆಂದು ಹೇಳಿ ಕಳಿಸಿದರು. ಮನೆಮಂದಿಯೆಲ್ಲ ಕಪ್ಪಾದ ಹತ್ತಿ ಬೇರೆ ಮಾಡಲು ಕುಳಿತರು. ನಾನೂ ನಾಚಿಕೆಯಿಂದ ಕೈಹಾಕಿದೆ. ಒಳ್ಳೆಯ ಹತ್ತಿಯ ಮೇಲೆ ನನ್ನ ಐದೂ ಬೆರಳು ಕಪ್ಪಗೆ ಮೂಡಿದವು.

ಅತ್ತೆ ಗೋಡೆಯ ಪಕ್ಕ ಚಾಪೆ ಹಾಸಿದರು.

"ನೀವು ಸುಮ್ಮನ ಇಲ್ಲೆ ಕುಂದರ್ರಿ. ನೀವು ಕುಂತ್ರ ನಮಗ ಅರ್ಧಾ ಕೆಲಸ ಕಡಿಮಿ ಆಕ್ಕೈತಿ."

ಕುಳಿತೆ. ಅತ್ತೆಮನೆಗೆ ನಾನು ಮಾಡಿದ ದೊಡ್ಡ ಸಹಾಯವೆಂದರೆ ಇವತ್ತಿಗೂ ಅದೊಂದೇ.