ಗಂಗಕ್ಕನ ಪುಕ್ಕಟೆ ರಿಪೇರಿ

ಗಂಗಾಂಬಿಕೆಗೆ ಕಾನೂನು ಗೊತ್ತಾಗಿಬಿಟ್ಟಿತು! ಇನ್ನು ಮೋಸ ಮಾಡುವ ರಿಪೇರಿಯವರು ಯಾರೂ ಹೊಳೆನರಸೀಪುರದ ಕಡೆ ತಲೆ ಹಾಕಿಯೂ ಮಲಗುವಂತಿರಲಿಲ್ಲ.

ಆಗಿದ್ದಿಷ್ಟು. ಸ್ತ್ರೀಶಕ್ತಿ ಸಂಘದ ಮೀಟಿಂಗಿಗೆ ಹಾಸನದಿಂದ ಒಬ್ಬ ಲಾಯರಮ್ಮ ಬಂದು, ಗ್ರಾಹಕರ ಹಕ್ಕು ಅಂದರೇನು ಎಂದು ತಿಳಿಹೇಳಿ, ಉಪ್ಪಿಟ್ಟು ತಿಂದು ಹೋಗಿದ್ದರು. ಉಳಿದ ಹೆಂಗಸರಿಗೆಲ್ಲ ಉಪ್ಪಿಟ್ಟು ನೆನಪುಳಿಯಿತು. ಗಂಗಾಂಬಿಕೆಗೆ ಕಾನೂನು ನೆನಪುಳಿಯಿತು. ಕೆಲಸಕ್ಕೆ ಮುಂಚೆ ಎಷ್ಟಾಗುತ್ತದೆ ಎಂದು ಕೇಳಬೇಕು. ಹೇಳದೆ ಇದ್ದ ದುಡ್ಡು ಆಮೇಲೆ ಕೇಳುವಂತಿಲ್ಲ; ಕೇಳಿದರೆ ಯಾವುದಕ್ಕೆ ಎಷ್ಟು ಎಂದು ಬಿಡಿಸಿ ಹೇಳಿಸಬೇಕು. ಇದನ್ನು ಅವಳು ಬೀದಿಯ ಪ್ರತಿ ಜಗಲಿಯ ಮೇಲೂ ಕೂತು ಪಾಠ ಮಾಡಿ ಬಂದಳು.

"ನಾನು ಮೂರ್ನೇ ಕ್ಲಾಸು ಓದಿದೋಳೇ ಇರ್ಬೋದು ಕಣೇ ಪುಟ್ಟತಾಯಿ. ಆದ್ರೆ ಇನ್ಮ್ಯಾಕೆ ನನ್ ತಾವ ಒಂದ್ರುಪಾಯಿ ಜಾಸ್ತಿ ಕಿತ್ಕಳೋ ಗಂಡು ಉಟ್ಟಿಲ್ಲ!"

"ಉಟ್ಟಿದ್ರೂ ನಿಮ್ಮನೆ ಬಾಗ್ಲಿಗೆ ಬರಾಕಿಲ್ಲ ಬುಡಕ್ಕ," ಅಂದಳು ಎದುರುಮನೆಯ ಪುಟ್ಟತಾಯಮ್ಮ.

ಬಂದ. ಹೆಸರು ರಜನೀಶ್. ಗಂಗಾಂಬಿಕೆಯ ಅಡುಗೆಮನೆಯ ಸ್ವಿಚ್‌ಬೋರ್ಡು ಚಟಚಟ ಎಂದು ಕಿಡಿ ಹಾರಿಸಿದ್ದಕ್ಕೆ ಬ್ಯಾಗು ನೇತುಹಾಕಿಕೊಂಡು ಬಂದ.

"ಎಷ್ಟಾಯ್ತದೆ? ಮೊದ್ಲೇ ಏಳ್ಬುಡು."

"ಮುನ್ನೂರು ಕೊಡಿ ಅಮ್ಮ."

"ಇನ್ನೊಂದ್ಸಲ ಏಳು. ಎದ್ರುಮನೇಗೂ ಕೇಳಿಸ್ಲಿ."

"ಮುನ್ನೂರೂ!" ಎಂದು ರಜನೀಶ್ ಹರಾಜು ಕೂಗಿದ. ಕಾನೂನಿಗೆ ತೃಪ್ತಿಯಾಯಿತು.

ಆದರೆ ಗಂಗಾಂಬಿಕೆಗೆ ಕಾನೂನಿಗಿಂತ ಹಳೆಯದೊಂದು ಅಭ್ಯಾಸವಿತ್ತು. ಯಜಮಾನರು ತೀರಿಕೊಂಡ ಮೇಲೆ ಮನೆಯ ಸಣ್ಣಪುಟ್ಟ ಕೆಲಸಕ್ಕೆಲ್ಲ ಆಳು ಕರೆಯಲಾಗುತ್ತದೆಯೇ? ಹಾಗಾಗಿ ಹೊಸಿಲು ದಾಟಿ ಒಳಗೆ ಬಂದವರು ಯಾರೇ ಆಗಲಿ, ಅವರ ಕೈಲಿ ಇನ್ನೊಂದು ಕೆಲಸ ಮಾಡಿಸದೆ ಹೊರಗೆ ಕಳಿಸಿದವಳಲ್ಲ. ಸಿಲಿಂಡರ್ ತಂದವನ ಕೈಲಿ ತೆಂಗಿನಕಾಯಿ ಸುಲಿಸಿದ್ದಳು. ಮೀಟರ್ ಓದಲು ಬಂದವನ ಕೈಲಿ ಅಟ್ಟದ ಮೇಲಿನ ಹಂಡೆ ಇಳಿಸಿದ್ದಳು. ಪಾಪ, ಅವನು ಆವತ್ತು ಮೀಟರ್ ಓದುವುದನ್ನೇ ಮರೆತು ಹೋದ!

"ಅಂಗೇ ಬಚ್ಚಲುಮನೆ ಲೈಟೂ ಒಂಚೂರು ನೋಡ್ಬುಡಪ್ಪ."

"ಆಯ್ತಮ್ಮ."

"ಅಂಗೇ ಈ ಪ್ಯಾನು ಕಿರ್ರೋ ಅಂತದೆ ಕಣಪ್ಪ."

"ಆಯ್ತಮ್ಮ."

ಇಷ್ಟಕ್ಕೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಪುಟ್ಟತಾಯಮ್ಮ ಬಾಗಿಲಲ್ಲಿ ಇಣುಕಿ, "ನಮ್ ಮಿಕ್ಸಿನೂ ತಿರುಗ್ತಿಲ್ಲ ಕಣಕ್ಕ," ಅಂದಳು. ಗಂಗಾಂಬಿಕೆಯ ಎದೆ ಹಿಗ್ಗಿತು.

"ತಗಂಡ್ ಬಾರೆ! ನಮ್ಮನೇಗೆ ಬಂದವ್ನೆ, ಮಾಡ್ಕೊಡ್ತಾನೆ."

"ದುಡ್ಡು?"

"ನಾನಿಲ್ವೇನೆ!"

ಈ ಮಾತು ಪುಟ್ಟತಾಯಮ್ಮನ ಬಾಯಿ ಸೇರಿದ ಮೇಲೆ ಕೇಳಬೇಕೆ? ಬಸ್ ಡ್ರೈವರಾಗಿ ರಿಟೈರಾದ ಲಕ್ಕಯ್ಯ ಟೇಬಲ್ ಫ್ಯಾನನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದ. "ನಾನಿಲ್ವಾ ಲಕ್ಕಣ್ಣ, ಇಡು ಅಲ್ಲಿ!" ಗಣಪತಿ ಗುಡಿ ನೋಡಿಕೊಳ್ಳುವ ಶಿವಯ್ಯ, ಗೌರಿಹಬ್ಬದಿಂದ ಮೂಗನಾಗಿದ್ದ ಮೈಕ್‌ಸೆಟ್ ಹೊತ್ತು ತಂದ. "ದ್ಯಾವ್ರ ಕೆಲ್ಸಕ್ಕೆ ನಾನಿಲ್ದೆ ಇನ್ಯಾರು!" ಸಾಯಂಕಾಲದ ಹೊತ್ತಿಗೆ ಜಗಲಿ ಸರ್ಕಾರಿ ಆಸ್ಪತ್ರೆಯ ಹಾಗಾಯಿತು. ಕೈ ರಜನೀಶನದು, ಕೀರ್ತಿ ಗಂಗಾಂಬಿಕೆಯದು. ಅವಳ ಖರ್ಚು ಎರಡು ಲೋಟ ಮಜ್ಜಿಗೆ.

ಕತ್ತಲಾಗುವ ಹೊತ್ತಿಗೆ ರಜನೀಶ್ ಕೈ ತೊಳೆದುಕೊಂಡ.

"ಎಲ್ಲ ಸೇರಿ ಎರಡು ಸಾವಿರದ ಇನ್ನೂರು ಅಮ್ಮ."

ಗಂಗಾಂಬಿಕೆಗೆ ಸ್ವಿಚ್‌ಬೋರ್ಡು ಮುಟ್ಟಿದಂತಾಯಿತು! "ಏನಂದೆ? ಮುನ್ನೂರು ಅಂದಿದ್ದಲ್ವೇನ್ಲಾ? ಪುಟ್ಟತಾಯೀ! ಲಕ್ಕಣ್ಣಾ! ಬನ್ರಪ್ಪಾ, ಕಣ್ಮುಂದೇನೇ ದರೋಡೆ!"

ಬೀದಿಯೇ ಬಂತು. ಲಕ್ಕಯ್ಯನಂತೂ ರಿಪೇರಿಯಾದ ಫ್ಯಾನಿನ ಗಾಳಿಯಲ್ಲಿ ಸುಧಾರಿಸಿಕೊಂಡಿದ್ದರಿಂದ ಆವೇಶ ಜಾಸ್ತಿಯಾಗಿತ್ತು. "ಯಾವನ್ಲಾ ಅವ್ನು, ನಮ್ಮ ಗಂಗಕ್ಕಂಗೆ ಮೋಸ ಮಾಡೋನು?"

ರಜನೀಶ್ ದನಿ ತಗ್ಗಿಸಿದ. "ಒಳಿಕ್ ಬನ್ನಿ ಅಮ್ಮ, ಏಳ್ತೀನಿ."

"ಒಳಿಕ್ಯಾಕೆ? ಇಲ್ಲೇ ಏಳು! ಎಲ್ರ ಮುಂದೆ, ಯಾವ್ದುಕ್ಕೆ ಎಷ್ಟು ಅಂತ ಬುಡಿಸ್ ಬುಡಿಸಿ ಏಳು! ಅದು ನನ್ನ ಅಕ್ಕು!"

"ಬ್ಯಾಡ ಅಮ್ಮ..."

"ಏಳ್ಲಾ!"

ರಜನೀಶ್ ಹೇಳಿದ. "ನಿಮ್ ಬೋರ್ಡು ಮುನ್ನೂರು. ಲೈಟು, ಪ್ಯಾನು ಸೇರಿ ನಾನ್ನೂರು. ಮಿಕ್ಕಿದ್ದು..." ಅವನ ಬೆರಳು ಪುಟ್ಟತಾಯಮ್ಮನ ಕಡೆ ತಿರುಗಿತು. "ಈ ಅಮ್ಮನ ಮಿಕ್ಸಿ." ಲಕ್ಕಯ್ಯನ ಕಡೆ ತಿರುಗಿತು. "ಈ ಯಜಮಾನ್ರ ಪ್ಯಾನು." ಕೊನೆಗೆ ಗುಡಿಯ ಕಡೆ ತಿರುಗಿ, ಚಪ್ಪಲಿ ಬಿಟ್ಟು, "ಸ್ವಾಮಿ ಮೈಕು," ಅಂದ.

ಪುಟ್ಟತಾಯಮ್ಮ ಸೆರಗಿನ ಅಂಚು ನೋಡತೊಡಗಿದಳು. ಲಕ್ಕಯ್ಯ ಮೋಡ ನೋಡತೊಡಗಿದ.

"ಅವ್ರುದೆಲ್ಲ ನಾನ್ಯಾಕಪ್ಪ ಕೊಡ್ಲಿ?"

"‘ನಾನಿಲ್ವಾ’ ಅಂದ್ರಲ್ಲ ಅಮ್ಮ. ನೀವು ಅನ್ನದೆ ಇದ್ದಿದ್ರೆ ನಾನು ಮುಟ್ತಾನೇ ಇರ್ಲಿಲ್ಲ."

ಕೊಟ್ಟರೆ ದುಡ್ಡು ಹೋಯಿತು, ಕೊಡದಿದ್ದರೆ ಮಾನ ಹೋಯಿತು. ಬೆಳಗಿನಿಂದ ಬೀದಿಗೆಲ್ಲ ಹಂಚಿದ್ದ ಔದಾರ್ಯವನ್ನು ಈಗ ವಾಪಸ್ ಕೇಳುವುದು ಹೇಗೆ? ಆದರೂ ಗಂಗಾಂಬಿಕೆ ಬೆಲ್ಲದಂಥ ದನಿ ತೆಗೆದಳು. "ಪುಟ್ಟತಾಯಿ, ನಿನ್ ಮಿಕ್ಸಿದು ಒಂಚೂರು..."

"ಅಯ್ಯೋ ಗಂಗಕ್ಕ! ಮೊದ್ಲೇ ಏಳ್ದೆ ಇರೋ ದುಡ್ಡು ಆಮ್ಯಾಕೆ ಕೇಳಂಗಿಲ್ಲ ಅಂತ ನೀವೇ ಅಲ್ವಾ ಕಲ್ಸಿದ್ದು? ನಾನೂ ಗ್ರಾಹಕಳೇ ಅಲ್ವಾ?"

"ನನ್ ಪ್ಯಾನು ಬೇಕಾರೆ ಮೊದ್ಲಿನಂಗೇ ಕೆಡಿಸ್ಕೊಡ್ಲಿ," ಅಂದ ಲಕ್ಕಯ್ಯ. "ನಂದೇನೂ ಅಭ್ಯಂತರ ಇಲ್ಲ."

ಶಿವಯ್ಯನ ಕಡೆ ತಿರುಗಿದರೆ ಅವನು ಆಗಲೇ ಕೈ ಮುಗಿದುಕೊಂಡು ನಿಂತಿದ್ದ. "ದ್ಯಾವ್ರ ತಾವ ದುಡ್ಡು ಕೇಳೀರಾ ತಾಯಿ? ನಿಮ್ಮೆಸ್ರು ಮೈಕಲ್ಲಿ ಕೂಗ್ಬುಡ್ತೀನಿ!" ಎನ್ನುತ್ತ ಬೇಡ ಬೇಡ ಎಂದರೂ ಕೇಳದೆ ಓಡಿಯೇಬಿಟ್ಟ.

ಗಂಗಾಂಬಿಕೆ ಒಳಗೆ ಹೋಗಿ, ಹೊಸ ಸೀರೆಗೆಂದು ಎತ್ತಿಟ್ಟಿದ್ದ ಗಂಟು ಬಿಚ್ಚಿ ತಂದು ರಜನೀಶನ ಕೈಗಿಟ್ಟಳು. ಅವನು ನೂರರ ನೋಟೊಂದನ್ನು ವಾಪಸ್ ಕೊಟ್ಟ. "ಮಜ್ಜಿಗೆ ಚೆನ್ನಾಗಿತ್ತಮ್ಮ." ಅಷ್ಟರಲ್ಲಿ ಗುಡಿಯ ಮೈಕು ಮೊಳಗಿತು. ಇಡೀ ಪೇಟೆಗೆ ಕೇಳುವಷ್ಟು ಸೊಗಸಾಗಿ ರಿಪೇರಿಯಾಗಿತ್ತು, ಹಾಳಾದ್ದು!

"ಯಾರ ಮನೆ ಸಾಮಾನೇ ಆಗಲಿ, ಒಂದು ಪೈಸೆ ಇಲ್ಲದೆ ರಿಪೇರಿ ಮಾಡಿಸಿಕೊಡುವ ಮಹಾತಾಯಿ, ಶ್ರೀಮತಿ ಗಂಗಾಂಬಿಕೆಯವರಿಗೆ ಜಯವಾಗಲಿ..."

ಮಾರನೆಯ ದಿನ ಬೆಳಗ್ಗೆ ಬಾಗಿಲು ತೆಗೆದರೆ ಗ್ರೈಂಡರನ್ನು ಸೊಂಟಕ್ಕೇರಿಸಿಕೊಂಡ ಒಬ್ಬ ಹೆಂಗಸು. ಅವಳ ಹಿಂದೆ ಇಸ್ತ್ರಿಪೆಟ್ಟಿಗೆ ಹಿಡಿದವಳು ಇನ್ನೊಬ್ಬಳು. ಅವಳ ಹಿಂದೆ, ಸೈಕಲ್ ಕ್ಯಾರಿಯರಿಗೆ ಟಿವಿ ಕಟ್ಟಿಕೊಂಡ ಒಬ್ಬ ಗಂಡಸು.

"ಪುಕ್ಕಟೆ ರಿಪೇರಿ ಮಾಡ್ಸಿಕೊಡೋ ಗಂಗಾಂಬಿಕೆಯವ್ರ ಮನೆ ಇದೇನಾ ಅವ್ವ?"

ಗಂಗಾಂಬಿಕೆ ಬಾಗಿಲನ್ನು ಅರ್ಧ ಮುಂದಕ್ಕೆ ಎಳೆದುಕೊಂಡಳು.

"ಇದೇಯ ಕಣವ್ವ. ಆದ್ರೆ ಆಯಮ್ಮ ನೆನ್ನೆ ಸಂಜೀಕೆ ತೀರ್ಕಂಡ್ಬುಟ್ಲು."

"ಅಯ್ಯೋ ಸಿವ್ನೇ! ನೆನ್ನೆ ತಾನೆ ಮೈಕಲ್ಲಿ ಕೂಗಿದ್ರಲ್ಲ! ಏನಾಗಿತ್ತಂತೆ?"

"ಗಟ್ಟಿಮುಟ್ಟಾಗೇ ಇದ್ಲು ಕಣವ್ವ. ಒಂದು ಬಿಲ್ಲು ಬಂತು, ತಡ್ಕಳಕ್ಕಾಗ್ಲಿಲ್ಲ!"