ಕಡಲೆಕಾಳಿಗೆ ಉರುಳಿದ ಯುದ್ಧವಿಮಾನ

ಯಾರ ದನಿಯನ್ನಾದರೂ ಎರಡು ನಿಮಿಷ ಕೇಳಿದರೆ ಸಾಕು, ಅವರೇ ಬೆಚ್ಚಿಬೀಳುವ ಹಾಗೆ ನಾನು ಮಾತಾಡಬಲ್ಲೆ. ಚೆನ್ನೈಯ ಶೋಳಿಂಗನಲ್ಲೂರಿನ ನಮ್ಮ ಆಫೀಸಿನಲ್ಲಿ ಮ್ಯಾನೇಜರ್ ರಜೆ ಹಾಕಿದ ದಿನವೂ ಅವರ ಬೈಗುಳಕ್ಕೆ ಕೊರತೆಯಾಗದಂತೆ ನೋಡಿಕೊಳ್ಳುವವನು ನಾನೇ. ಇಂಥ ಪ್ರತಿಭಾವಂತನಿಗೆ ಒಂದು ಆಟಿಕೆ ವಿಮಾನ ಅಂಟಿಸುವುದು ಎಷ್ಟರ ಕೆಲಸ?

ಹಾಗಂತ ಅಂದುಕೊಂಡಿದ್ದೆ!

ನಮ್ಮ ಮಾವನವರಿಗೆ ಯುದ್ಧವಿಮಾನಗಳ ಪುಟ್ಟ ಮಾದರಿ ಕಟ್ಟುವ ಹುಚ್ಚು. ಪಲ್ಲಾವರಂನ ಅವರ ಮನೆಯ ಮೇಲೆ ದಿನವಿಡೀ ನಿಜವಾದ ವಿಮಾನಗಳು ಹಾರುತ್ತವೆ. ಮನೆಯೊಳಗೆ ಇವರು ಗೇಣುದ್ದದ್ದನ್ನು ಕಟ್ಟುತ್ತಾರೆ. ಮೈಸೂರು ಕಡೆಯ ಮನೆತನ, ಹಾಗಾಗಿ ನವರಾತ್ರಿಗೆ ಗೊಂಬೆ ಕೂರಿಸುವುದು ತಪ್ಪದು. ಮೇಲಿನ ಮೆಟ್ಟಿಲುಗಳಲ್ಲಿ ಪಟ್ಟದ ಗೊಂಬೆ, ದಶಾವತಾರ. ತೀರಾ ಕೆಳಗಿನ ಮೆಟ್ಟಿಲಲ್ಲಿ ರಾಗಿ ಮೊಳಕೆ ಬರಿಸಿದ ಹಸಿರು ಮೈದಾನ, ಅದರ ಮೇಲೆ ಮಾವ ಆ ವರ್ಷ ಕಟ್ಟಿದ ವಿಮಾನ. ಉಸ್ಲಿ ತಿನ್ನಲು ಬರುವ ಬೀದಿಯವರೆಲ್ಲ ಮೊದಲು ಬಗ್ಗಿ ನೋಡುವುದು ಅದನ್ನೇ. "ದೇವರಿಗಿಂತ ಇವರ ಪ್ಲೇನಿಗೇ ಕೂಟ್ಟಂ ಜಾಸ್ತಿ" ಎಂದು ಅತ್ತೆ ಗೊಣಗುತ್ತಾರೆ. ಮಾವ ಗೋಡೆಯ ಕಡೆ ತಿರುಗಿ ನಗುತ್ತಾರೆ.

ಈ ವರ್ಷ ಮಾವನ ಕಣ್ಣಿನ ಪೊರೆ ತೆಗೆದರು. ಕಪ್ಪು ಕನ್ನಡಕ, ಹೊತ್ತುಹೊತ್ತಿಗೆ ಡ್ರಾಪ್ಸ್, ತಲೆ ಬಗ್ಗಿಸುವಂತಿಲ್ಲ. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನ ಅರ್ಧಕ್ಕೇ ನಿಂತಿತು. ಪೈಲಟ್ ಕೂರುವ ಜಾಗದ ಪಾರದರ್ಶಕ ಮುಚ್ಚಳ, ಚಕ್ರದ ಕಾಲುಗಳು, ರೆಕ್ಕೆಯ ಮೇಲಿನ ಗುರುತುಗಳು, ಇಷ್ಟೇ ಬಾಕಿ. "ಈ ಸಲ ಮೈದಾನ ಖಾಲಿ ಇರ್ಲಿ ಬಿಡು" ಎಂದು ಅವರು ಅತ್ತೆಗೆ ಹೇಳಿದಾಗ ದನಿ ಸಣ್ಣಗಾಗಿತ್ತು. ಆ ದನಿಯೊಂದನ್ನು ಮಾತ್ರ ಅನುಕರಿಸಲು ನನಗೆ ಮನಸ್ಸು ಬರಲಿಲ್ಲ.

"ನಾನಿದೀನಲ್ಲ ಮಾವ!" ಎಂದುಬಿಟ್ಟೆ.

ನನ್ನ ಹೆಂಡತಿ ಸಹನಾ ಬಾಯಿಗೆ ಹೋಗುತ್ತಿದ್ದ ಚಪಾತಿಯನ್ನು ತಟ್ಟೆಗೆ ವಾಪಸ್ ಇಟ್ಟಳು. "ನೀನಾ? ಬಲ್ಬ್ ಹಾಕಕ್ಕೆ ಹೋಗಿ ಫ್ಯಾನ್ ಕೆಡಿಸಿದ್ಯಲ್ಲಡಾ!"

"ಅದು ಎಲೆಕ್ಟ್ರಿಕಲ್. ಇದು ಏರೋನಾಟಿಕಲ್."

ಮಾವನ ಉಪದೇಶ ಒಂದೇ. "ಆತುರ ಬೇಡ ಅಳಿಯಂದ್ರೇ. ಅಂಟಿಸಿದ್ಮೇಲೆ ಮುಟ್ಟಬೇಡಿ. ಒಣಗ್ಲಿ... ಒಣಗ್ಲಿ." ಇದನ್ನು ನಾನು ಅಡುಗೆಮನೆಯಲ್ಲಿ, ಕಪ್ಪು ಕನ್ನಡಕ ಸಮೇತ, ಎಷ್ಟು ಚೆನ್ನಾಗಿ ಅಭಿನಯಿಸಿದೆನೆಂದರೆ ಅತ್ತೆ ನನ್ನ ಕಣ್ಣಿಗೇ ಡ್ರಾಪ್ಸ್ ಹಾಕಲು ಬಂದರು. ಉಪದೇಶ ಬಾಯಿಪಾಠವಾಯಿತು. ತಲೆಗೆ ಮಾತ್ರ ಹೋಗಲಿಲ್ಲ.

ಮೊದಲು ಮುಚ್ಚಳ. ಮಾವ ಹೇಳಿದ್ದು ಬಿಳಿ ಗೋಂದು. ಅದು ಒಣಗಲು ಇಡೀ ರಾತ್ರಿ ಬೇಕು. ಥಟ್ಟನೆ ಕಚ್ಚುವ ಅಂಟು ಜೇಬಿನಲ್ಲೇ ಇರುವಾಗ ಬುದ್ಧಿವಂತನಾದವನು ಕಾಯುತ್ತಾನೆಯೇ? ಹಾಕಿದೆ. ಮುಚ್ಚಳ ವಿಮಾನಕ್ಕೆ ಅಂಟಿತು. ನಾನು ಮುಚ್ಚಳಕ್ಕೆ ಅಂಟಿದೆ! ಸಹನಾ ಬಿಸಿನೀರು, ಸೋಪು, ಬೈಗುಳ ಮೂರನ್ನೂ ಬಳಸಿ ಬೆರಳು ಬಿಡಿಸುವ ಹೊತ್ತಿಗೆ, ಆ ಅಂಟಿನ ಹಬೆ ಕೂತು ಸ್ಫಟಿಕದಂತಿದ್ದ ಮುಚ್ಚಳ ಬೆಳ್ಳಗೆ ಮಂಜಾಗಿತ್ತು. ಮಾವನ ಕಣ್ಣಿಂದ ತೆಗೆದ ಪೊರೆ ವಿಮಾನಕ್ಕೆ ಬಂದಿತ್ತು!

ಆಮೇಲೆ ಗುರುತುಗಳು. ನೀರಿನಲ್ಲಿ ನೆನೆಸಿ ಕಾಗದದಿಂದ ಜಾರಿಸಬೇಕಾದ, ಈರುಳ್ಳಿ ಸಿಪ್ಪೆಗಿಂತ ತೆಳುವಾದ ಚಿತ್ರಗಳು. ಫ್ಯಾನ್ ಆರಿಸಿಕೊಳ್ಳಿ ಎಂದಿದ್ದರು ಮಾವ. ಚೆನ್ನೈಯಲ್ಲಿ ಫ್ಯಾನ್ ಆರಿಸುವುದೇ? ಎಡರೆಕ್ಕೆಯ ನೀಲಿ, ಬಿಳಿ, ಕೆಂಪು ಬಳೆಗಳ ದುಂಡು ಗುರುತು ಚಿಮಟದ ತುದಿಯಿಂದ ಎದ್ದು ಹೋಯಿತು. ಇಡೀ ವಿಮಾನದಲ್ಲಿ ಹಾರಿದ್ದು ಅದೊಂದೇ ಭಾಗ. ಮಂಚದ ಕೆಳಗೆ, ಗೊಂಬೆಗಳ ಹಿಂದೆ, ಎಲ್ಲಿ ಹುಡುಕಿದರೂ ಇಲ್ಲ. ಮಾರನೆಯ ದಿನ ಆಫೀಸ್ ಕ್ಯಾಬ್‌ನಲ್ಲಿ ಪಕ್ಕದವನು ನನ್ನ ಮೊಣಕೈ ನೋಡಿ "ಟ್ಯಾಟೂ ಸೂಪರ್" ಎಂದಾಗ ಸಿಕ್ಕಿತು. ಅಷ್ಟು ಹೊತ್ತಿಗೆ ಮಾವನ ಆಸೆಯಂತೆ ಚೆನ್ನಾಗಿ ಒಣಗಿತ್ತು.

ಸೋಲುವ ಕುಲ ನನ್ನದಲ್ಲ. ಸಹನಾಳ ಸ್ಟಿಕ್ಕರ್ ಬೊಟ್ಟಿನ ಹಾಳೆಯಿಂದ ಒಂದು ಕೆಂಪು ಬೊಟ್ಟು ಕಿತ್ತು ರೆಕ್ಕೆಗೆ ಅಂಟಿಸಿ, ಸುತ್ತ ಬಿಳಿ, ನೀಲಿ ಬಣ್ಣ ಬಳಿದೆ. ದೂರದಿಂದ ನೋಡಿದರೆ ಗುರುತು. ಹತ್ತಿರದಿಂದ ನೋಡಿದರೆ ಮುತ್ತೈದೆ!

ಉಳಿದದ್ದು ಚಕ್ರದ ಕಾಲುಗಳು. ಅವನ್ನು ಆಯುಧಪೂಜೆಯ ಬೆಳಿಗ್ಗೆ ಅಂಟಿಸಿದೆ, ಈ ಸಲ ಮಾವ ಹೇಳಿದ ಅಂಟಿನಿಂದಲೇ. "ನಾಳೆವರೆಗೂ ಅಲುಗಿಸಬೇಡಿ" ಎಂದು ಅವರು ಒಳಗೆ ಮಲಗಲು ಹೋದರು. ಅತ್ತೆ ಸ್ಕೂಟರ್, ಮಿಕ್ಸಿ, ನನ್ನ ಲ್ಯಾಪ್‌ಟಾಪ್ ಎಲ್ಲಕ್ಕೂ ಪೂಜೆ ಮುಗಿಸಿ ತಟ್ಟೆ ಹಿಡಿದು ಬಂದರು. ಅವರ ಕಣ್ಣು ರೆಕ್ಕೆಯ ಮೇಲೆ ಬಿತ್ತು.

"ಅಯ್ಯೋ ಪಾವಂ! ಬೊಟ್ಟಿಟ್ಟುಕೊಂಡು ಕಾಯ್ತಾ ಇದೆ, ಇದಕ್ಕೆ ಪೂಜೆ ಬೇಡ್ವಾ?"

ಮೂತಿಗೆ ಗಂಧ, ಪ್ರೊಪೆಲ್ಲರ್‌ಗೆ ಕುಂಕುಮ, ಬಾಲಕ್ಕೆ ಒಂದು ಎಸಳು ಸೇವಂತಿಗೆ. ಇನ್ನು ಚಕ್ರದ ಕೆಳಗೆ ನಿಂಬೆಹಣ್ಣು. ಆದರೆ ನಿಂಬೆಹಣ್ಣಿನ ಮುಂದೆ ಆ ಚಕ್ರ ಮೆಣಸಿನಕಾಳು! ಅತ್ತೆ ಒಂದು ಕ್ಷಣ ಯೋಚಿಸಿ, ನೈವೇದ್ಯದ ಉಸ್ಲಿಯಿಂದ ಎರಡು ಬೆಂದ ಕಡಲೆಕಾಳು ಆರಿಸಿ, ಚಕ್ರಕ್ಕೊಂದರಂತೆ ಮುಂದಿಟ್ಟರು.

"ಒಂಚೂರು ಮುಂದಕ್ಕೆ ತಳ್ಳಿ ಅಳಿಯಂದ್ರೇ. ಶಾಸ್ತ್ರಕ್ಕೆ."

"ಬೇಡ ಅತ್ತೆ. ಒಣಗ್ಲಿ."

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಥೇಟ್ ಅವರೇ! ಸಾಕು ನಿಮ್ಮ ಮಿಮಿಕ್ರಿ, ತಳ್ಳಿ!"

ಜೀವನದಲ್ಲಿ ಮೊದಲ ಸಲ ಸತ್ಯ ಹೇಳಿದ್ದೆ. ಚಪ್ಪಾಳೆ ಬಿತ್ತು! ಚಪ್ಪಾಳೆ ಬಿದ್ದ ಮೇಲೆ ಕಲಾವಿದ ಹಿಂದೆ ಸರಿಯುವುದುಂಟೇ? ಮಂಡಿಯೂರಿದೆ. ಬಾಯಲ್ಲೇ ಎಂಜಿನ್ ಶುರುಮಾಡಿದೆ. ಢ್ರ್ರ್ರ್... ತಳ್ಳಿದೆ.

ಕಡಲೆ ಅಪ್ಪಚ್ಚಿಯಾಗಲಿಲ್ಲ. ಪಟ್, ಪಟ್. ಎರಡು ಕಾಲೂ ಎರಡು ದಿಕ್ಕಿಗೆ ಚಾಚಿದವು. ಸ್ಪಿಟ್‌ಫೈರ್ ಹೊಟ್ಟೆಯ ಮೇಲೆ ಜಾರಿ ಉಸ್ಲಿ ಪಾತ್ರೆಗೆ ಮೂತಿ ತೂರಿಸಿ ನಿಂತಿತು. ಶತ್ರುಗಳ ಗುಂಡಿಗೆ ಜಗ್ಗದ ವಿಮಾನ! ಅದೇ ಹೊತ್ತಿಗೆ ಮನೆಯ ಮೇಲೆ ನಿಜವಾದದ್ದೊಂದು ಯಾವ ಅಡ್ಡಿಯೂ ಇಲ್ಲದೆ ಹಾರಿಹೋಯಿತು.

ಒಳಗಿನಿಂದ ಮಾವನ ದನಿ: "ಏನು ಅಳಿಯಂದ್ರೇ, ಎಂಜಿನ್ ನಿಂತೋಯ್ತಲ್ಲ?"

ಇಷ್ಟು ಜನರ ದನಿ ಗಂಟಲಲ್ಲಿ ಇಟ್ಟುಕೊಂಡವನಿಗೆ ಆಗ ಒಂದೂ ಒದಗಲಿಲ್ಲ. ಅವರು ಗೋಡೆ ಹಿಡಿದು ಬಂದಾಗ, "ಮುರಿದುಬಿಟ್ಟೆ ಮಾವ" ಎಂದೆ. ನನ್ನದೇ ದನಿ. ಆ ಮನೆಯಲ್ಲಿ ಯಾರೂ ಅದನ್ನು ಹೆಚ್ಚು ಕೇಳಿರಲಿಲ್ಲ.

ಮಾವ ತಲೆ ಬಗ್ಗಿಸುವಂತಿಲ್ಲವಲ್ಲ, ವಿಮಾನವನ್ನೇ ಮುಖದ ಎತ್ತರಕ್ಕೆ ಹಿಡಿದರು. ಪೊರೆ ಬಂದ ಮುಚ್ಚಳ ನೋಡಿದರು. ಬೊಟ್ಟು ನೋಡಿದರು. ಮೂತಿಯ ಗಂಧ, ಕುಂಕುಮ, ಅಂಟಿಕೊಂಡ ಸಾಸಿವೆ ನೋಡಿದರು. ಭುಜ ಅಲುಗಿತು. ಅಳುತ್ತಿದ್ದಾರೆ ಅಂದುಕೊಂಡು ನನ್ನ ಕಣ್ಣೂ ತುಂಬಿತು.

"ನಗ್ಬೇಡ್ರೀ, ಆಪರೇಷನ್ ಆಗಿರೋ ಕಣ್ಣು!" ಎಂದು ಅತ್ತೆ ಕೂಗಿದರು.

"ಯುದ್ಧದಲ್ಲಿ ಎಷ್ಟೋ ವಿಮಾನ ಹೀಗೇ ಹೊಲದಲ್ಲಿ ಹೊಟ್ಟೆ ಮೇಲೆ ಇಳೀತಿದ್ವು" ಎಂದರು ಮಾವ, ನಗುವನ್ನು ನುಂಗುತ್ತಾ. "ಕುಂಕುಮ ಒರೆಸ್ಬೇಡಿ, ಬೆಂಕಿ ಹತ್ತಿದ ಹಾಗಿದೆ. ರಾಗಿ ಪೈರಿನ ಮೇಲೆ ಹಾಗೇ ಇಡಿ. ಪಕ್ಕದಲ್ಲಿ ಪೈಲಟ್ ನಿಂತಿರ್ಬೇಕು. ಡಬ್ಬದಲ್ಲಿ ಇದಾನೆ, ಬಣ್ಣ ಆಗಿಲ್ಲ."

ಸಹನಾ ಕೂದಲೆಳೆಯಂಥ ಕುಂಚ ತೆಗೆದುಕೊಂಡು ಕೂತಳು. ಹೆಬ್ಬೆಟ್ಟಿನಷ್ಟಿದ್ದ ಪೈಲಟ್‌ಗೆ ಬಿಡಿ ಕೈಗಳನ್ನು ಅಂಟಿಸಿ, ಹುಬ್ಬು ಸಮೇತ ಮುಖ ಬರೆದಳು.

"ನಿಂಗೆ ಇದೆಲ್ಲ ಬರುತ್ತಾ?"

"ಸ್ಕೂಲಲ್ಲಿದ್ದಾಗಿಂದ ಅಪ್ಪನ ಪ್ಲೇನಿಗೆಲ್ಲ ಪೇಂಟ್ ಮಾಡೋದು ನಾನೇ."

"ಹೇಳೋದಲ್ವಾ!"

"ನೀನು ಕೇಳಿದ್ಯಾ? ಅಪ್ಪನ ಥರ ಮಾತಾಡೋದ್ರಲ್ಲೇ ಬಿಜಿ ಇದ್ದೆ."

ಸಂಜೆ ಬಂದವರೆಲ್ಲ ಎಂದಿನಂತೆ ಮೊದಲು ಕೆಳಗಿನ ಮೆಟ್ಟಿಲಿಗೇ ಬಗ್ಗಿದರು. ಪಕ್ಕದ ಮನೆ ಮಾಮಿ ಕೆನ್ನೆಗೆ ಕೈ ಹಚ್ಚಿ "ಅಡಡಾ, ಇದನ್ನು ಓಡಿಸಿದವರು ಯಾರು?" ಎಂದು ತಮಿಳಿನಲ್ಲಿ ಕೇಳಿದರು. ಮಾವ ಕಪ್ಪು ಕನ್ನಡಕದ ಹಿಂದಿನಿಂದ ಹೆಮ್ಮೆಯಿಂದ ತಮ್ಮ ಅಳಿಯನನ್ನು ತೋರಿಸಿದರು. "ನಮ್ಮ ಮಾಪ್ಪಿಳ್ಳೈ!" ಆಗಲೇ ನಾನು ಪೈಲಟ್‌ನನ್ನು ಸರಿಯಾಗಿ ನೋಡಿದ್ದು. ಚೌಕ ಕನ್ನಡಕ, ಕುರುಚಲು ಗಡ್ಡ, ತಲೆ ಮೇಲೆ ಎರಡೂ ಕೈ. ನಾನೇ!

ಮಾರನೆಯ ಸಂಜೆ ವಿಜಯದಶಮಿ. ಗೊಂಬೆ ಇಳಿಸುವ ಮೊದಲು ಯಾವುದಾದರೂ ಒಂದನ್ನು ಮಲಗಿಸುವುದು ಶಾಸ್ತ್ರ. ಆ ಮರ್ಯಾದೆ ಇಷ್ಟು ವರ್ಷ ಪಟ್ಟದ ರಾಣಿಯದು. ಈ ಸಲ ಅತ್ತೆ ಕೈ ಚಾಚಿದಾಗ ಮಾವ ತಡೆದರು.

"ವಿಮಾನ ಆಗಲೇ ಮಲಗಿದೆ. ಆ ಪೈಲಟ್‌ನ ಮಲಗಿಸು. ಪಾಪ, ತುಂಬ ದಣಿದಿದಾನೆ."

ಅತ್ತೆ ನನ್ನನ್ನು ಮೆಲ್ಲಗೆ ಎತ್ತಿ ರಾಗಿ ಪೈರಿನ ಮೇಲೆ ಅಂಗಾತ ಮಲಗಿಸಿದರು. ಹುಬ್ಬಿನ ಬಣ್ಣ ಒಣಗಿದೆಯೋ ಇಲ್ಲವೋ ಮುಟ್ಟಿ ನೋಡಲೆಂದು ನಾನು ಬೆರಳು ಚಾಚಿದೆ.

"ಆತುರ ಬೇಡ ಅಳಿಯಂದ್ರೇ. ಒಣಗ್ಲಿ... ಒಣಗ್ಲಿ."

ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡು ಮಾವನ ಕಡೆ ತಿರುಗಿದೆ. ಅವರ ಬಾಯಲ್ಲಿ ಉಸ್ಲಿ ತುಂಬಿತ್ತು. ಮಾತಾಡಿದವಳು ಸಹನಾ!

ನನಗಿಂತ ಚೆನ್ನಾಗಿ ಮಾಡಿದಳು.