ಚನ್ನಗಿರಿಯಿಂದ ಬಂದ ಫೋನು

ಕೊಟ್ರೇಶ್ ತನ್ನ ಮಾಲೀಕನಿಗೆ ಹೇಳಿದ ಸುಳ್ಳು ತೀರಾ ಚಿಕ್ಕದು. ಚನ್ನಗಿರಿಯಲ್ಲಿ ಇಂಟರ್‌ವ್ಯೂ ಇದೆ ಅಂದಿದ್ದರೆ, ಹೊನ್ನಾಳಿಯ ಜೆರಾಕ್ಸ್ ಅಂಗಡಿಯ ಜಂಪಣ್ಣ ಸಂಜೆಯೊಳಗೆ ಅವನ ಕುರ್ಚಿಯಲ್ಲಿ ಬೇರೆಯವರನ್ನು ಕೂರಿಸಿಬಿಡುತ್ತಿದ್ದ. ಅದಕ್ಕೇ, "ಚನ್ನಗಿರೀಲಿ ಹೆಣ್ಣು ನೋಡಾಕೆ ಹೋಗ್ತಿದೀನಿ ಅಣ್ಣಾ" ಅಂದ.

ಜಂಪಣ್ಣನ ಮುಖ ಹಳೇ ಟ್ಯೂಬ್‌ಲೈಟಿನಂತೆ ಎರಡು ಸಲ ಮಿಣುಕಿ ಹತ್ತಿಕೊಂಡಿತು. "ಮೊದ್ಲೇ ಹೇಳಾದಲ್ವೇನೋ! ವಿಚಾರಿಸಾಕೆ ಯಾರಾದ್ರೂ ಫೋನ್ ಮಾಡ್ಲಿ, ನಾನ್ ನೋಡ್ಕಂತೀನಿ."

ಪಕ್ಕದ ಟೀ ಅಂಗಡಿಯ ದುರುಗಕ್ಕ ಓಡಿಬಂದು ಅವನ ಕಾಲರ್ ಸರಿಮಾಡಿದಳು. "ಮೂವತ್ತಾತು ನಿಂಗೆ. ಅಲ್ಲೂ ಗೋಡೆ ಹಂಗೆ ಕೂರಬ್ಯಾಡ."

ಬಸ್ಸಿನಲ್ಲಿ ಕೊಟ್ರೇಶ್ ಬಯೋಡೇಟಾ ತೆಗೆದು ನೋಡಿದ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಆಮೇಲೆ ಎರಡು ವರ್ಷ ಏನೂ ಇಲ್ಲ. ಆಮೇಲೆ ಮೂರು ವರ್ಷ ಜೆರಾಕ್ಸು. ಊರಿನವರ ಬಯೋಡೇಟಾವನ್ನೆಲ್ಲ ಟೈಪ್ ಮಾಡಿಕೊಟ್ಟವನಿಗೆ, ತನ್ನ ಆ ಎರಡು ವರ್ಷಕ್ಕೆ ಒಂದು ಸಾಲೂ ಹೊಳೆದಿರಲಿಲ್ಲ.

ಇಂಟರ್‌ವ್ಯೂ ಇದ್ದದ್ದು ಮಣ್ಣು ಪರೀಕ್ಷೆ ಮಾಡುವ ಖಾಸಗಿ ಲ್ಯಾಬಿನಲ್ಲಿ. ಮ್ಯಾನೇಜರ್ ನಾಗರಾಜಪ್ಪನ ಬೆರಳು, ಬಿದ್ದ ಹಲ್ಲಿನ ಜಾಗಕ್ಕೆ ನಾಲಿಗೆ ಹೋಗುವಂತೆ, ನೇರ ಆ ಖಾಲಿ ಜಾಗಕ್ಕೇ ಹೋಯಿತು.

"ಈ ಎರಡು ವರ್ಷ ಏನ್ ಮಾಡಿದ್ರಿ?"

"ಕೆಲಸ ಹುಡುಕಿದೆ ಸಾರ್."

"ಯಾರೂ ತಗಳ್ಳಿಲ್ಲ ಅಂದ್ರೆ ಏನೋ ಕಾರಣ ಇರ್ಬೇಕಲ್ರೀ. ಆಮೇಲೆ ಬರೀ ಜೆರಾಕ್ಸು. ಕಲಿತಿದ್ದು ನೆನಪೈತಾ?"

ಕೊಟ್ರೇಶ್ ಎದ್ದು ಹೋಗಿ, ಮೇಜಿನ ಮೇಲಿದ್ದ ಮಣ್ಣನ್ನು ತೂಗಿ, ನೀರಿನಲ್ಲಿ ಕಲಕಿ, ಅದರ ಆಮ್ಲೀಯತೆ ಎಷ್ಟೆಂದು ಅಳೆದು ತೋರಿಸಿದ. ಐದು ವರ್ಷ ಯಾರೂ ಕೇಳದ ಕೈ ಒಂದು ಹನಿಯನ್ನೂ ಚೆಲ್ಲಲಿಲ್ಲ.

ನಾಗರಾಜಪ್ಪ ಕನ್ನಡಕ ತೆಗೆದ. "ಪರವಾಗಿಲ್ವೇ! ಸೋಮವಾರದಿಂದ ಬರಾಕಾಗುತ್ತಾ?"

ಕೊಟ್ರೇಶ್ ತಲೆಯಾಡಿಸಿದ.

"ನಿಮ್ ಮಾಲೀಕರನ್ನ ಒಂದ್ಮಾತು ಕೇಳಿಬಿಡ್ತೀನಿ, ಸುಮ್ನೆ ಪದ್ಧತಿ" ಎಂದು ನಾಗರಾಜಪ್ಪ ಬಯೋಡೇಟಾದಲ್ಲಿದ್ದ ನಂಬರ್ ಒತ್ತಿ, ಸ್ಪೀಕರ್‌ಗೆ ಹಾಕಿದ. ಕೊಟ್ರೇಶ್ ಬಾಯಿ ತೆರೆದ. ನಾಗರಾಜಪ್ಪ ಕೈಯೆತ್ತಿ ಸುಮ್ಮನಿರಿಸಿದ.

"ಚನ್ನಗಿರಿಯಿಂದ ಮಾತಾಡ್ತಿದೀನ್ರೀ. ಕೊಟ್ರೇಶ್ ಅಂತ ಬಂದಿದಾರೆ. ಹುಡುಗ ಹೆಂಗೆ?"

"ಚಿನ್ನ ಸ್ವಾಮಿ, ಚಿನ್ನ!" ಜಂಪಣ್ಣನ ದನಿ ಲ್ಯಾಬಿನ ಗಾಜುಗಳನ್ನೆಲ್ಲ ನಡುಗಿಸಿತು.

"ಕೆಲಸ ಹೆಂಗೆ ಮಾಡ್ತಾರೆ?"

"ದುಡಿಯೋ ಕರ್ಮ ಅವನಿಗೇನೈತ್ರೀ? ನಮ್ ಅಂಗಡೀಲಿ ಕೂರೋದು ಟೈಂಪಾಸಿಗೆ. ಸರ್ಕಾರಿ ನೌಕರಿ ಇನ್ನೇನು ಬಂದೇಬಿಡ್ತು. ಬಂದ ದಿನವೇ ಹೊಂಟ!"

ಅಷ್ಟರಲ್ಲಿ ಆ ಕಡೆ ದುರುಗಕ್ಕ ಫೋನ್ ಕಿತ್ತುಕೊಂಡಳು. "ಕುಡಿಯಲ್ಲ, ಗುಟ್ಕಾ ಹಾಕಲ್ಲ, ಬೈದ್ರೂ ಎದುರು ಮಾತಾಡಲ್ಲ. ಕಣ್ಮುಚ್ಕಂಡು ಹೆಣ್ಣು ಕೊಡ್ರಿ!"

ನಾಗರಾಜಪ್ಪ ಫೋನ್ ಇಟ್ಟು ಕೊಟ್ರೇಶನ ಕಡೆ ತಿರುಗಿದ.

"ಹೆಣ್ಣಾ?"

"ಇಂಟರ್‌ವ್ಯೂ ಅಂದ್ರೆ ಕೆಲಸದಿಂದ ತೆಗೀತಾರೆ ಅಂತ... ಹೆಣ್ಣು ನೋಡಾಕೆ ಅಂತ ಸುಳ್ಳು ಹೇಳಿ ಬಂದಿದ್ದೆ ಸಾರ್."

"ಎರಡು ವರ್ಷ ಖಾಲಿ. ಮೂರು ವರ್ಷ ಟೈಂಪಾಸು. ಅದ್ರ ಮೇಲೆ ಮಾಲೀಕರಿಗೇ ಸುಳ್ಳು." ನಾಗರಾಜಪ್ಪ ಬಯೋಡೇಟಾ ಮಡಚಿ ವಾಪಸ್ಸು ಕೊಟ್ಟ.

ಕೊಟ್ರೇಶ್ ಬಾಗಿಲು ದಾಟುತ್ತಿದ್ದಂತೆ ಹಿಂದಿನಿಂದ ದನಿ ಬಂತು. "ನಿಲ್ರೀ. ಕುಡಿಯಲ್ಲ, ಎದುರು ಮಾತಾಡಲ್ಲ ಅಂದ್ರಲ್ಲ, ಅದಾದ್ರೂ ನಿಜಾನಾ?"

"ನಿಜ ಸಾರ್."

"ನನ್ ತಂಗಿ ಮಗಳು ಶೈಲಾ ಅಂತ, ನ್ಯಾಮತೀಲಿದಾಳೆ. ಇಂಥ ಹುಡುಗನ್ನೇ ಹುಡುಕ್ತಿದೀವಿ."

ಕೊಟ್ರೇಶ್ ಬಾಗಿಲಿನಿಂದ ಎರಡು ಹೆಜ್ಜೆ ವಾಪಸ್ಸು ಬಂದ. ನಾಗರಾಜಪ್ಪ ಬಯೋಡೇಟಾ ಮತ್ತೆ ಇಸಿದುಕೊಂಡು, ಬಿಡಿಸಿ, ಮೇಲಿಂದ ಕೆಳಗೆ ಬೆರಳಾಡಿಸಿದ. ಬೆರಳು ಅದೇ ಜಾಗದಲ್ಲಿ ನಿಂತಿತು.

"ಆದ್ರೆ ಹುಡುಗನಿಗೆ ಒಂದು ಒಳ್ಳೇ ಕೆಲಸ ಇರ್ಬೇಕು ಅಂತಾರೆ ನೋಡ್ರಿ. ಸಿಕ್ಕ ಮೇಲೆ ಒಂದ್ ಫೋನ್ ಮಾಡ್ರಿ."